ಮೂರಕ್ಕೂ ನಾಲ್ಕಕ್ಕೂ ನಡುವೆ

ಕೆಲಸದ ಮೊದಲ ದಿನವೇ ಆ ಹುಡುಗಿಗೆ ತನ್ನ ಮೇಲಧಿಕಾರಿಗಳ ಪರಿಚಯವಾದದ್ದು ಅವರ ಕಾಲುಗಳ ಮೂಲಕ. ವಿನಯದಿಂದ ತಲೆ ತಗ್ಗಿಸಿದ್ದಳು ಎಂದುಕೊಳ್ಳಬೇಡಿ. ತಲೆ ಎತ್ತಿಯೇ ನೋಡುತ್ತಿದ್ದಳು. ಲಿಫ್ಟು ಮೂರನೆಯ ಮಹಡಿಯನ್ನು ಬಿಟ್ಟು ನಾಲ್ಕನೆಯದನ್ನು ಮುಟ್ಟದೆ ನಡುವೆ ನಿಂತುಬಿಟ್ಟಿತ್ತು. ಒಳಗೆ ಆಕೆ ಒಬ್ಬಳೇ. ನಾಲ್ಕನೆಯ ಮಹಡಿಯ ನೆಲ ಆಕೆಯ ಹಣೆಯ ಮಟ್ಟಕ್ಕಿತ್ತು. ಜಾಲರಿ ಬಾಗಿಲಿನ ಆಚೆ ಒಂದೊಂದಾಗಿ ಪಾದಗಳು ಬಂದು ಸಾಲಾಗಿ ನಿಂತವು.

ಮೊದಲು ಬಂದದ್ದು ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕಪ್ಪು ಬೂಟು. ಅದರ ಹಿಂದೆ ಹಿಮ್ಮಡಿ ಸವೆದ ಕಂದು ಚಪ್ಪಲಿ. ಆಮೇಲೆ ಮಂಡಿನೋವಿನವರು ಹಾಕುವ, ದಪ್ಪ ತಳದ ಮೆತ್ತನೆಯ ಚಪ್ಪಲಿ. ಕೊನೆಗೆ ಯಾವ ಆಡಂಬರವೂ ಇಲ್ಲದ ಬರಿಗಾಲು.

"ಯಾರಮ್ಮಾ ಒಳಗೆ?" ಎಂದು ಬೂಟು ಕೇಳಿತು.

"ನಾನು ಸಾರ್, ಇಂಟರ್ನ್. ಇವತ್ತಿಂದ ನಿಮ್ಮಲ್ಲಿ ತರಬೇತಿ."

"ಹತ್ತು ಗಂಟೆಗೆ ಬರಬೇಕು ಅಂತ ಹೇಳಿರಲಿಲ್ವಾ?"

"ಹತ್ತಕ್ಕೇ ಬಂದೆ ಸಾರ್. ಪೂರ್ತಿ ಬಂದಿಲ್ಲ, ಅಷ್ಟೆ."

ಮೆತ್ತನೆಯ ಚಪ್ಪಲಿ ಕಿಸಕ್ಕೆಂದಿತು. ಬೂಟು ಅತ್ತ ತಿರುಗಿದ ಕೂಡಲೇ ನಗು ನಿಂತಿತು.

ನಗುವುದಕ್ಕೆ ಅದಕ್ಕಿಂತ ದೊಡ್ಡ ಕಾರಣವಿತ್ತು. ಅದು ಲಿಫ್ಟುಗಳನ್ನು ತಪಾಸಣೆ ಮಾಡುವ ಸರ್ಕಾರಿ ಕಚೇರಿ. ಯಾವ ಕಟ್ಟಡದ ಲಿಫ್ಟು ಮನುಷ್ಯರನ್ನು ಹೊತ್ತು ಏರಬಹುದು, ಯಾವುದು ಬೀಗ ಹಾಕಿಸಿಕೊಂಡು ಬಿದ್ದಿರಬೇಕು ಎಂದು ತೀರ್ಪು ಕೊಡುವ ಕಚೇರಿ. ಸಿಕ್ಕಿಕೊಂಡ ಹುಡುಗಿಗೆ ಒಳಗೆ ಓದಲು ಇದ್ದದ್ದು ಒಂದೇ ಒಂದು ಸಾಹಿತ್ಯ, ಗಾಜಿನ ಚೌಕಟ್ಟಿನಲ್ಲಿ ಕೂತ ತಪಾಸಣಾ ಪತ್ರ. 'ಈ ಲಿಫ್ಟು ಸುಸ್ಥಿತಿಯಲ್ಲಿದೆ' ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಸಹಿಗಳು. ಸಹಿ ಹಾಕಿದವರ ಪಾದಗಳೇ ಈಗ ಎದುರಿಗೆ ನಿಂತಿದ್ದವು.

ಬರಿಗಾಲಿನ ಯಜಮಾನ ಲಿಫ್ಟಣ್ಣ. ಲಿಫ್ಟು ಓಡಿಸುವುದು ಆತನ ಹುದ್ದೆ, ನಿಂತ ಲಿಫ್ಟಿನಿಂದ ಜನರನ್ನು ಎಳೆಯುವುದು ಆತನ ಕೆಲಸ. ಆತ ಮಂಡಿಯೂರಿ ಕೊಕ್ಕೆ ಹಾಕಿ ಜಾಲರಿ ಸರಿಸಿದ. ಮೆತ್ತನೆಯ ಚಪ್ಪಲಿ, "ಒಂದು ಕಾಲು ಆ ಕಂಬಿ ಮೇಲಿಡು ಮಗಾ, ಹೆದರಬೇಡ" ಎಂದಿತು. ಬೂಟು, "ಎಳೀರಿ, ಎಳೀರಿ" ಎಂದು ಆಜ್ಞೆ ಕೊಟ್ಟಿತು. ಎಳೆದರು. ಹುಡುಗಿ ಮೇಲೆ ಬಂದಳು. ಎಡಗಾಲಿನ ಚಪ್ಪಲಿ ಮಾತ್ರ ಜಾಲರಿಗೆ ಸಿಕ್ಕಿ, ಕಾಲು ಬಿಟ್ಟು, ಲಿಫ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಜಾರಿತು. ಸ್ವಲ್ಪ ಹೊತ್ತಾದ ಮೇಲೆ ಪಾತಾಳದಿಂದ 'ಟಪ್' ಎಂಬ ಸದ್ದು ಬಂತು.

ಆ ಚಪ್ಪಲಿ ಆಕೆಯದೂ ಅಲ್ಲ, ಅಕ್ಕನದು. ಹೊಸದು, ಬೆಳ್ಳಿ ಬಣ್ಣದ ಬಕಲ್ ಇದ್ದದ್ದು. ಸರ್ಕಾರಿ ಕಚೇರಿಗೆ ಹೋಗುವಾಗ ಕಾಲಾದರೂ ಅಚ್ಚುಕಟ್ಟಾಗಿ ಕಾಣಲಿ ಎಂದು, ಅಕ್ಕ ಏಳುವ ಮೊದಲೇ ಹಾಕಿಕೊಂಡು ಬಂದದ್ದು.

"ಅದನ್ನ ತೆಗೆದುಕೊಡಣ್ಣಾ" ಎಂದು ಒಂಟಿಕಾಲಲ್ಲಿ ನಿಂತು ಕೇಳಿದಳು.

"ತೆಗೀಬಹುದು. ಆದ್ರೆ ತಳದ ಗುಂಡಿಗೆ ಇಳಿಯೋಕೆ ಲಿಫ್ಟ್ ನಿಲ್ಲಿಸಬೇಕು."

"ನಿಂತೇ ಇದೆಯಲ್ಲ!"

"ಹಾಗೆ ನಿಂತದ್ದು ಲೆಕ್ಕಕ್ಕಿಲ್ಲಮ್ಮ. ಆದೇಶದ ಮೇಲೆ ನಿಲ್ಲಬೇಕು. ಆದೇಶ ಬರಬೇಕು ಅಂದ್ರೆ ಲಿಫ್ಟು ಕೆಟ್ಟಿರಬೇಕು."

"ಕೆಟ್ಟಿದೆಯಲ್ಲಣ್ಣಾ!"

"ಎಲ್ಲಿ ಕೆಟ್ಟಿದೆ? ಒಳಗೆ ಬರ್ದಿದೆ ನೋಡು. ಸುಸ್ಥಿತಿ."

ಅಂದಿನಿಂದ ಆಕೆ ಮೆಟ್ಟಿಲು ಹಿಡಿದಳು. ಕಚೇರಿಯಲ್ಲಿ ಆಕೆಯ ಹೆಸರನ್ನು ಯಾರೂ ವಿಚಾರಿಸಲಿಲ್ಲ. 'ತರಬೇತಿ' ಎಂದೇ ಕರೆದರು. "ತರಬೇತಿ, ಆ ಫೈಲ್ ಕೊಡು." "ತರಬೇತಿ ಊಟಕ್ಕೆ ಹೋಗಿದೆ."

ತರಬೇತಿಯ ಪೂರ್ವಚರಿತ್ರೆ ದೊಡ್ಡದೇನಲ್ಲ. ಅಪ್ಪ ಬಸ್ ಕಂಡಕ್ಟರ್, ಅಮ್ಮ ಹೊಲಿಗೆ, ಅಕ್ಕ ಔಷಧಿ ಅಂಗಡಿಯಲ್ಲಿ ಕೌಂಟರ್. ಈಕೆ ಡಿಪ್ಲೊಮಾ ಕೊನೆಯ ವರ್ಷ. ಕಾನ್ವೆಂಟಿನಲ್ಲಿ ಓದುವಾಗ ಒಮ್ಮೆ ಕಿಟಕಿಯ ಗಾಜು ಒಡೆದಿತ್ತು. ಒಡೆದವರು ಯಾರೆಂದು ತಿಳಿಯದೆ ಸಿಸ್ಟರ್ ಇಡೀ ತರಗತಿಗೆ ಒಟ್ಟಾಗಿ 'ಸಾರಿ' ಹೇಳಿಸಿದರು. ಎಲ್ಲರೂ ರಾಗವಾಗಿ ಸಾರಿ ಎಂದು ಸಾರಿದರು. ಈಕೆ ಮಾತ್ರ ಬಾಯಿ ಬಿಡಲಿಲ್ಲ. "ನಾನು ಒಡೆದಿಲ್ಲ ಸಿಸ್ಟರ್. ಯಾರ ಪರವಾಗಿ ಸಾರಿ ಹೇಳಲಿ ಹೇಳಿ, ಹೇಳ್ತೀನಿ." ಸಂಜೆಯವರೆಗೂ ಬೆಂಚಿನ ಮೇಲೆ ನಿಂತಿದ್ದಳು. ಆಮೇಲೆ ಮನೆಗೆ ಬಂದು, ಬೆಂಚಿನ ಮೇಲಿಂದ ಪಕ್ಕದ ತರಗತಿ ಚೆನ್ನಾಗಿ ಕಾಣುತ್ತದೆ ಎಂದು ವರದಿ ಒಪ್ಪಿಸಿದಳು.

ಈ ಕಚೇರಿಯ ತರಬೇತಿಯ ಕೊನೆಗೆ ಕಾಲೇಜಿಗೆ ಒಂದು ಹಾಳೆ ಹೋಗಬೇಕು. ಅದರಲ್ಲಿ 'ತಂಡದೊಂದಿಗೆ ಹೊಂದಾಣಿಕೆ' ಎಂಬ ಒಂದು ಕಲಮು. ಅಲ್ಲಿ ಮುಖ್ಯ ತಪಾಸಣಾಧಿಕಾರಿಗಳು, ಅಂದರೆ ಬೂಟಿನ ಸಾಹೇಬರು, ಒಳ್ಳೆಯ ಮಾತು ಬರೆದು ಸಹಿ ಹಾಕಿದರೆ ಪಾಸು. ಇಲ್ಲದಿದ್ದರೆ ಒಂದು ವರ್ಷ ಮಣ್ಣುಪಾಲು. ಅಪ್ಪ ಆ ಹಾಳೆಯನ್ನು ಟಿಕೆಟ್ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ, "ಹೊಂದ್ಕೊಂಡು ಹೋಗಮ್ಮ" ಎಂದಿದ್ದರು. ದಿನವೆಲ್ಲ ನಿಂತ ಪ್ರಯಾಣಿಕರಿಗೆ 'ಒಳಗೆ ಹೋಗಿ, ಅಡ್ಜಸ್ಟ್ ಮಾಡ್ಕೊಳ್ಳಿ' ಎಂದು ಹೇಳಿ ಬಂದವರಿಗೆ ಬೇರೆ ಉಪದೇಶ ತೋಚುವುದಾದರೂ ಹೇಗೆ?

ಹೊಂದಿಕೊಂಡಳು. ನಿಜ ಹೇಳಬೇಕೆಂದರೆ ಆ ತಂಡ ಆಕೆಗೆ ಬಹಳ ಹಿಡಿಸಿತು. ಸವೆದ ಚಪ್ಪಲಿಯ ಹಿರಿಯ ತಪಾಸಕರಿಗೆ 'ಆಯ್ತಪ್ಪ' ಎಂದು ಅಡ್ಡಹೆಸರು. ಸಾಹೇಬರು ಏನು ಹೇಳಿದರೂ ಅವರು 'ಆಯ್ತು ಸಾರ್' ಎನ್ನುವರು. ಸಾಹೇಬರು ಇನ್ನೂ ಹೇಳುವ ಮೊದಲೇ ಎಷ್ಟೋ ಆಗಿಹೋಗಿರುತ್ತಿತ್ತು. ಆದರೆ ಕಚೇರಿಯ ಹೊಸ್ತಿಲು ದಾಟಿ ಬೇರೆಯವರ ಕಟ್ಟಡಕ್ಕೆ ಹೋದರೆ ಈ ಆಯ್ತಪ್ಪ ಬೇರೆಯೇ ಮನುಷ್ಯ. ತರಬೇತಿಗೆ ಮೊದಲು ಸಿಕ್ಕ ಕೆಲಸ ಅವರಿಗೆ ಟಾರ್ಚು ಹಿಡಿಯುವುದು.

ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋಗಿದ್ದರು. ಮಾಲೀಕರು ಕೆಳಗೇ ಕುರ್ಚಿ ಹಾಕಿಸಿದ್ದರು. ಆಯ್ತಪ್ಪ ಕೂರಲಿಲ್ಲ. ಚಾವಣಿಯ ಮೆಷಿನ್ ರೂಮಿಗೆ ಏರಿ, ಜೇಬಿನಿಂದ ಹಳೆಯ ಕರವಸ್ತ್ರ ತೆಗೆದು, ಉಕ್ಕಿನ ಹಗ್ಗಕ್ಕೆ ಸುತ್ತಿ, ನಿಧಾನವಾಗಿ ಜಾರಿಸಿದರು. ಒಂದು ಕಡೆ ಬಟ್ಟೆ ಚುರುಕ್ಕೆಂದು ಸಿಕ್ಕಿಕೊಂಡಿತು. ಹಗ್ಗದ ಒಂದು ಎಳೆ ಮುರಿದು ಮುಳ್ಳಿನ ಹಾಗೆ ಹೊರಗೆ ಬಂದಿತ್ತು.

"ಬೀಗ ಹಾಕಿ" ಎಂದರು.

"ಒಂದೇ ಒಂದು ಎಳೆ ಸಾರ್! ಇನ್ನೂ ರಾಶಿ ಇದಾವೆ!" ಎಂದರು ಮಾಲೀಕರು.

"ಇದು ಜಾರಿಕೊಳ್ತು. ಇದರ ಭಾರ ಪಕ್ಕದ್ದರ ಮೇಲೆ ಬಿತ್ತು. ನಾಳೆ ಪಕ್ಕದ್ದು, ನಾನೊಬ್ಬನೇ ಯಾಕಪ್ಪ ಹೊರಲಿ ಅನ್ನುತ್ತೆ. ಬೀಗ ಹಾಕಿ."

ಆ ದಿನ ತರಬೇತಿ ಮನೆಗೆ ಹೋಗಿ ಆಯ್ತಪ್ಪನವರ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು "ಬೀಗ ಹಾಕಿ" ಎಂದು ಮಾಡಿ ತೋರಿಸಿದಳು. ಅಮ್ಮ ನಕ್ಕು ನಕ್ಕು ಸೂಜಿ ಚುಚ್ಚಿಕೊಂಡರು.

ಮುಂದೆ ಟಾರ್ಚು ಹೋಗಿ ಕರವಸ್ತ್ರ ಬಂತು. ಕರವಸ್ತ್ರದ ನಂತರ ಬ್ರೇಕು. ಲಿಫ್ಟಿನೊಳಗೆ ಕಬ್ಬಿಣದ ತೂಕದ ಕಲ್ಲುಗಳನ್ನು ಪೇರಿಸಿ, ಏರಿಸಿ, ನಡುವೆ ನಿಲ್ಲಿಸಿ, ಬ್ರೇಕು ಹಿಡಿಯುತ್ತದೋ ಹಿಡಿದ ಹಾಗೆ ನಟಿಸುತ್ತದೋ ನೋಡುವ ಪರೀಕ್ಷೆ. ಅದಕ್ಕೆ ಬೇಕಾದ ಕಲ್ಲುಗಳನ್ನು ಕಟ್ಟಡದವರೇ ಒದಗಿಸಬೇಕೆಂಬುದು ನಿಯಮ. ಭಾರದ ಪರೀಕ್ಷೆಯಾಗದೆ ಸಹಿ ಇಲ್ಲ. ಇದನ್ನು ಸಾಹೇಬರೇ ಆಕೆಗೆ ಮೇಜು ಕುಟ್ಟಿ ಕುಟ್ಟಿ ಕಲಿಸಿದ್ದು. "ಸಹಿ ಅಂದ್ರೆ ಏನು ತರಬೇತಿ? ಆ ಲಿಫ್ಟಿನೊಳಗೆ ನಮ್ಮ ತಾಯಿ ಇದಾರೆ ಅಂದ್ಕೊಂಡು ಹಾಕಬೇಕು!"

ಇಂಥ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಒಂದು ವಿಚಿತ್ರ ಮಧ್ಯಾಹ್ನ ಬರುತ್ತಿತ್ತು. ಅವತ್ತು ಕಚೇರಿಯ ಸ್ವಂತ ಲಿಫ್ಟಿನ ತಪಾಸಣೆ. ಅದು ಮೆಷಿನ್ ರೂಮಿನಲ್ಲಿ ನಡೆಯುತ್ತಿರಲಿಲ್ಲ. ಸಾಹೇಬರ ಕೋಣೆಯಲ್ಲಿ, ಟೀ ಬಿಸ್ಕತ್ತಿನ ಸಮ್ಮುಖದಲ್ಲಿ ನಡೆಯುತ್ತಿತ್ತು. ಮೆತ್ತನೆಯ ಚಪ್ಪಲಿಯ ಟೈಪಮ್ಮ, ಅಂದರೆ ಕಚೇರಿಯ ಟೈಪಿಸ್ಟು, ಹೋದ ವರ್ಷದ ವರದಿಯನ್ನೇ ಹೊಸ ತಾರೀಕು ಹಾಕಿ ತರುತ್ತಿದ್ದರು. ವರ್ಷದಿಂದ ವರ್ಷಕ್ಕೆ ವರದಿಯಲ್ಲಿ ತಾರೀಕು ಏರುತ್ತಿತ್ತು, ಲಿಫ್ಟು ಮಾತ್ರ ನೆಟ್ಟಗೆ ಏರುತ್ತಿರಲಿಲ್ಲ. ಮೇಲಿನಿಂದ ಕೆಳಕ್ಕೆ ಎಲ್ಲರೂ ಸಹಿ ಹಾಕುವರು. ಸಹಿಸಿಕೊಂಡವರೆಲ್ಲ ಸಹಿ ಹಾಕಿದವರೇ. ಎಲ್ಲರಿಗಿಂತ ಹೊಸಬರದು ಕೊನೆಯ ಸಹಿ, 'ಪರೀಕ್ಷೆಯ ವೇಳೆ ಹಾಜರಿದ್ದೆ' ಎಂದು. ಹೊಸಬರನ್ನು ತಂಡಕ್ಕೆ ಸೇರಿಸಿಕೊಳ್ಳುವ ಶಾಸ್ತ್ರವೇ ಅದು ಎನ್ನಿ.

ಆ ವರ್ಷ ಅವಸರ ಬೇರೆ. ಕೇಂದ್ರ ಕಚೇರಿಯ ನಿರ್ದೇಶಕರು ಭೇಟಿಗೆ ಬರುವವರಿದ್ದರು. ಗಾಜಿನೊಳಗಿನ ಪತ್ರ ಹೊಸದಾಗಬೇಕಿತ್ತು.

"ತರಬೇತಿ, ನಿನಗೊಂದು ಹೊಸ ಜವಾಬ್ದಾರಿ" ಎಂದು ಸಾಹೇಬರು ಪ್ರೀತಿಯಿಂದಲೇ ಪೆನ್ನು ಚಾಚಿದರು. "ಇಲ್ಲಿ ಸಹಿ ಹಾಕು. ಇವತ್ತಿಂದ ನೀನು ನಮ್ಮವಳು."

ಆಕೆ ಓದಿದಳು. "ಭಾರದ ಪರೀಕ್ಷೆ ಯಾವಾಗ ಸಾರ್?"

ಆಯ್ತಪ್ಪನವರ ಕೈಯ ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು.

"ಆಗಿದೆ ಅಂತ ಬರ್ದಿದೆಯಲ್ಲ" ಎಂದರು ಸಾಹೇಬರು.

"ಬರ್ದಿದೆ ಸಾರ್. ಆಗಿದೆಯಾ?"

"ಆಯ್ತು ಅನ್ನಮ್ಮ" ಎಂದು ಆಯ್ತಪ್ಪ ಪಿಸುಗುಟ್ಟಿದರು.

"ಪರೀಕ್ಷೆ ಮಾಡೋಣ ಸಾರ್, ಆಮೇಲೆ ಹಾಕ್ತೀನಿ. ನಾನು ಆ ಲಿಫ್ಟಲ್ಲಿ ಹಾಜರಿದ್ದದ್ದು ಒಂದೇ ಸಲ. ಅವತ್ತು ನನ್ನನ್ನ ಮೇಲಕ್ಕೆ ಎಳೆದವರು ನೀವೆಲ್ಲ."

ಸಾಹೇಬರ ಕಿವಿ ಕೆಂಪಾಯಿತು. ಅವರು ಕೆಟ್ಟವರಲ್ಲ. ತಾಳ್ಮೆಯಿಂದಲೇ ವಿವರಿಸಿದರು. "ನೋಡಮ್ಮಾ. ಲಿಫ್ಟ್ ಕಚೇರಿಯ ಲಿಫ್ಟೇ ಸರಿ ಇಲ್ಲ ಅಂತ ನಾವೇ ಬರ್ಕೊಟ್ರೆ ನಾಳೆ ಆ ಬಟ್ಟೆ ಅಂಗಡಿಯವನು ನಮ್ಮ ಮಾತು ಕೇಳ್ತಾನಾ? ಇಡೀ ಇಲಾಖೆ ನಗುತ್ತೆ. ಇದು ತಂಡದ ಮರ್ಯಾದೆ. ಹಗ್ಗದಲ್ಲಿ ಒಂದು ಎಳೆ ಕಿತ್ಕೊಂಡು ಹೊರಗೆ ಬಂದ್ರೆ ಏನಾಗುತ್ತೆ, ನೀನೇ ಹೇಳು."

"ಬೀಗ ಹಾಕ್ತೀವಿ ಸಾರ್" ಎಂದಳು ತರಬೇತಿ.

ಆಯ್ತಪ್ಪನವರಿಗೆ ಟೀ ನೆತ್ತಿಗೇರಿತು.

"ಸಹಿ ಹಾಕ್ತೀಯೋ ಇಲ್ವೋ?"

"ಇಲ್ಲ ಸಾರ್."

"ನಿನ್ನ ಹಾಳೆ ನನ್ನ ಹತ್ರ ಇದೆ ಅನ್ನೋದು ನೆನಪಿದೆಯಾ? ಹೊಂದಾಣಿಕೆ ಕಲಮಿನಲ್ಲಿ ಏನು ಬರೀಲಿ?"

"ಇದ್ದದ್ದು ಬರೀರಿ ಸಾರ್. ಅಷ್ಟೇ ನಾನೂ ಕೇಳ್ತಾ ಇರೋದು."

ಮಾರನೆಯ ದಿನದಿಂದ ತರಬೇತಿಯ ಪಾಲಿಗೆ ಟಾರ್ಚೂ ಇಲ್ಲ, ಕರವಸ್ತ್ರವೂ ಇಲ್ಲ. ಸಾಹೇಬರು ಹೊಸ ಹೊಸ ಜವಾಬ್ದಾರಿಗಳನ್ನು ಕಂಡುಹಿಡಿದು ವಹಿಸಿದರು. ಒಣಗಿದ ಸ್ಟಾಂಪ್ ಪ್ಯಾಡುಗಳಿಗೆ ಶಾಯಿ ಕುಡಿಸುವುದು. ಗೆದ್ದಲು ಓದಿ ಮುಗಿಸಿದ ಕಡತಗಳನ್ನು ದಾರದಿಂದ ಕಟ್ಟುವುದು. ಎಲ್ಲರ ಟೀ ಬರುವಾಗ ಒಂದು ಲೋಟ ಕಡಿಮೆ ಬರತೊಡಗಿತು. ಆಕೆ ಬಂದರೆ ಮಾತು ನಿಲ್ಲುತ್ತಿತ್ತು. ಹೋದರೆ "ತರಬೇತಿ ಅಲ್ಲಪ್ಪ, ತಲೆಬೇನೆ" ಎಂಬ ನಗು ಕೇಳುತ್ತಿತ್ತು. ಆಕೆ ಶಾಯಿ ಕುಡಿಸಿದಳು, ಕಡತ ಕಟ್ಟಿದಳು. ಪ್ರತಿದಿನ ಹೊರಡುವ ಮುನ್ನ ಸಾಹೇಬರ ಬಾಗಿಲಲ್ಲಿ ನಿಂತು ಕೇಳಿದಳು: "ಸಾರ್, ಭಾರದ ಪರೀಕ್ಷೆ ನಾಳೆನಾ?"

"ಕಲ್ಲುಗಳೇ ಎಲ್ಲೋ ಹೋಗಿವೆ. ನಿನಗೆ ಭಾರ ಬೇಕಾ? ತಗೋ, ಈ ಬೀರು ಒರೆಸು."

ಬೀರು ಒರೆಸಿದಳು. ಮರುದಿನ ಮತ್ತೆ ಕೇಳಿದಳು.

ಮನೆಯಲ್ಲೂ ಸುಖವಿರಲಿಲ್ಲ. "ಒಂದು ಸಹಿ ತಾನೇ, ಕೈ ಸವೆಯುತ್ತಾ?" ಎಂದರು ಅಮ್ಮ ಹೊಲಿಗೆ ಮೆಷಿನಿನ ಚಕ್ರ ನಿಲ್ಲಿಸಿ. "ಒಂದು ವರ್ಷ ಹೋದ್ರೆ ಫೀಸು ಮತ್ತೆ ಕಟ್ಟಬೇಕು. ಅವರೆಲ್ಲ ದೊಡ್ಡವರು, ಅವರಿಗೆ ಗೊತ್ತಿಲ್ವಾ?"

"ಗೊತ್ತಿದೆ ಅಮ್ಮಾ. ಅದಕ್ಕೇ ಪರೀಕ್ಷೆ ಮಾಡಲ್ಲ. ನೀನು ಅಳತೆ ತಗೊಳ್ಳದೆ ರವಿಕೆ ಹೊಲಿದು, ಸರಿಯಾಗಿದೆ ಅಂತ ಬರ್ದುಕೊಡ್ತೀಯಾ?"

"ಈ ನಾಲಿಗೆಗೆ ಒಂದು ಬ್ರೇಕ್ ಹಾಕ್ಸು ಮೊದಲು" ಎಂದಳು ಅಕ್ಕ, ಊಟದ ತಟ್ಟೆಯಿಂದ ಮುಖ ಎತ್ತದೆ. "ಆಮೇಲೆ ಸರ್ಕಾರ ತಿದ್ದುವೆಯಂತೆ. ನನ್ನ ಚಪ್ಪಲಿ ಕಳೆದವಳು ನನ್ನ ತಂಗಿ ಅಂತ ಹೇಳ್ಕೊಳ್ಳೋಕೆ ನಾಚಿಕೆ. ಉಳಿದ ಒಂದು ಇಟ್ಕೊಂಡು ನಾನೇನು ಕುಂಟೆಬಿಲ್ಲೆ ಆಡ್ಲಾ?"

ಅಪ್ಪ ಮಾತ್ರ ಅತ್ತ ತಿರುಗಿ ಕೂತರು. "ಬ್ರೇಕ್ ಸರಿ ಇಲ್ದಿರೋ ಬಸ್ಸು ಅಂತ ಗೊತ್ತಿದ್ರೆ ನಾನೂ ಸೀಟಿ ಊದಲ್ಲ" ಎಂದು ಗೋಡೆಗೆ ಹೇಳಿದರು. ಅಮ್ಮ ಕಣ್ಣು ಬಿಟ್ಟ ಮೇಲೆ ಗೋಡೆಗೂ ಹೇಳಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಟೈಪಮ್ಮನನ್ನು ಎದುರಿಸುವುದು. ಮೊದಲ ದಿನ 'ಹೆದರಬೇಡ' ಎಂದವರು ಅವರು. ತಮ್ಮ ಡಬ್ಬಿಯಲ್ಲಿ ಪಾಲು ಕೊಟ್ಟವರು. ಅವರ ಎರಡು ಮಂಡಿಗಳೂ ಕೈಕೊಟ್ಟಿದ್ದವು. ಇನ್ನೂ ಸೇವೆ ಉಳಿದಿತ್ತು. ಲಿಫ್ಟಿಗೆ ಬೀಗ ಬಿದ್ದರೆ ನಾಲ್ಕು ಮಹಡಿ ಹತ್ತಬೇಕಾದವರು ಅವರೇ. ಒಂದು ಬೆಳಿಗ್ಗೆ ಕೆಳಗಿನ ಲಿಫ್ಟ್ ಬಾಗಿಲ ಬಳಿ ತರಬೇತಿಯನ್ನು ಅಡ್ಡಗಟ್ಟಿ, ತಮ್ಮ ಮಂಡಿಯ ವಾದವನ್ನು ಮಂಡಿಸಿದರು.

"ನೀನು ಬಾಗಿಲಿಗೆ ಬೀಗ ಹಾಕ್ಸಿ ಹೋಗ್ಬಿಡ್ತೀಯ ಮಗಾ. ನಾನೇನು ಹಾರಿ ಬರ್ಲಾ? ದಿನಾ ಹೋಗಿ ಬಂದು ಮಾಡ್ತಿಲ್ವಾ ನಾನು? ಏನಾಗಿದೆ? ಬಾ, ನನ್ನ ಜೊತೆ ಬಾ. ಸುಮ್ನೆ ಹೆದರ್ಕೋತೀಯ."

ಕೈ ಹಿಡಿದು ಒಳಗೆ ಎಳೆದುಕೊಂಡರು. ಲಿಫ್ಟಣ್ಣ ಜಾಲರಿ ಎಳೆದ. ಲಿಫ್ಟು ನರಳುತ್ತಾ ಹೊರಟಿತು. ಟೈಪಮ್ಮ ಮಾತಾಡುತ್ತಲೇ ಇದ್ದರು. ತಂಗಿಯ ಮಗಳು ಮನೆಗೆ ಬಂದದ್ದು, ಅವಳ ಹಟ, ಅವಳಿಗೆ ತಾವು ಕೊಟ್ಟ ಉತ್ತರ. ಮೂರನೆಯ ಮಹಡಿ ದಾಟಿತು. "ಆಗ ನಾನು ಅವಳಿಗೆ ಹೇಳ್ದೆ, ನೋಡೇ..." ಎಂದವರು ನಿಲ್ಲಿಸಿದರು. ಕಣ್ಣು ಗಾಜಿನ ಪತ್ರದ ಮೇಲೆ ನೆಟ್ಟಿತು. ತರಬೇತಿಯ ಮಣಿಕಟ್ಟಿನಲ್ಲಿ ಅವರ ಬೆರಳುಗಳು ಕಚ್ಚಿಕೊಂಡವು. ಲಿಫ್ಟು ಒಮ್ಮೆ ನಡುಗಿ, ಯೋಚಿಸಿ, ನಾಲ್ಕನೆಯ ಮಹಡಿಗೆ ಬಂದು ಕುಕ್ಕರಿಸಿತು. "...ನೋಡೇ, ಅಷ್ಟು ಹಟ ಇದ್ರೆ ನಿಮ್ಮಮ್ಮನ ಹತ್ರಾನೇ ಇರು ಅಂತ."

"ಟೈಪಮ್ಮಾ, ನಡುವೆ ಮಾತು ಯಾಕೆ ನಿಲ್ಲಿಸಿದ್ರಿ?"

"ಎಲ್ಲಿ ನಿಲ್ಸಿದೆ?"

"ಮೂರರಲ್ಲಿ ಬಿಟ್ಟದ್ದನ್ನ ನಾಲ್ಕರಲ್ಲಿ ಹಿಡಿದ್ರಿ."

ಟೈಪಮ್ಮ ತಮ್ಮ ಬೆರಳುಗಳನ್ನು ನೋಡಿದರು. ಹುಡುಗಿಯ ಮಣಿಕಟ್ಟಿನ ಮೇಲೆ ಕೆಂಪು ಗುರುತುಗಳಿದ್ದವು. ಲಿಫ್ಟಣ್ಣ ಚಾವಣಿ ನೋಡಿದ.

"ಅಲ್ಲಿ ನಾನು ಉಸಿರಾಡಲ್ಲ ಕಣೇ" ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ. "ವರ್ಷಗಳಾಯ್ತು."

ಅವರು ತಮ್ಮ ಮೇಜಿಗೆ ಹೋಗಿ ಕೂತರು. ಆಮೇಲೆ ಮೇಜಿನ ಕೆಳಗಿನಿಂದ ಏನೋ ಕರ್ರೆಂದು ಸರಿದು ತರಬೇತಿಯ ಕಾಲ ಬಳಿ ಬಂದು ನಿಂತಿತು. ಮಂಡಿನೋವಿಗಾಗಿ ಪಾದ ಇಟ್ಟುಕೊಳ್ಳುತ್ತಿದ್ದ ಪೀಠ. ಅದರ ಮೇಲಿನ ಬಟ್ಟೆ ತೆಗೆದರೆ ಕಬ್ಬಿಣದ, ಹಿಡಿ ಇರುವ, ಇಪ್ಪತ್ತು ಕಿಲೋ ತೂಕದ ಕಲ್ಲು.

"ಕಚೇರಿಯ ಕಲ್ಲುಗಳು ಎಲ್ಲೋ ಹೋದವು ಅಂತ ಸಾಹೇಬರು ಹೇಳ್ತಾರಲ್ಲ, ಎಲ್ಲೂ ಹೋಗಿಲ್ಲ" ಎಂದರು ಟೈಪಮ್ಮ. "ತಗೊಂಡು ಹೋಗು. ನನ್ನ ಮನಸ್ಸು ಬದಲಾಗೋ ಮೊದಲು."

ನಿಜವಾಗಿಯೂ ಎಲ್ಲೂ ಹೋಗಿರಲಿಲ್ಲ. ಸಂಸಾರ ಹೂಡಿದ್ದವು. ಎಷ್ಟೋ ವರ್ಷಗಳಿಂದ ಒಬ್ಬೊಬ್ಬರೂ ಒಂದೊಂದನ್ನು ದತ್ತು ತೆಗೆದುಕೊಂಡಿದ್ದರು. ಒಂದು ನೀರಿನ ಡ್ರಮ್ಮಿಗೆ ಆಸರೆ. ಒಂದು ಲಿಫ್ಟಣ್ಣನ ಮೂಲೆಯಲ್ಲಿ ಹೂಕುಂಡಕ್ಕೆ ಸಿಂಹಾಸನ. ಐದಾರು ದಾಖಲೆ ಕೋಣೆಯಲ್ಲಿ ಕಡತಗಳು ಹಾರದಂತೆ ಅವುಗಳ ಎದೆಯ ಮೇಲೆ ಕೂತಿದ್ದವು. ಸಾಹೇಬರ ಬಾಗಿಲು ಮುಚ್ಚದಂತೆ ಹಿಡಿದದ್ದೂ ಒಂದು. ಕಚೇರಿಯಲ್ಲಿ ತೂಕದ ಮಾತಿಗೆ ಬರವಿದ್ದರೂ ತೂಕಕ್ಕೆ ಬರವಿರಲಿಲ್ಲ.

ನಿರ್ದೇಶಕರು ಬರುವ ದಿನ ಬೆಳಿಗ್ಗೆಯೇ ತರಬೇತಿ ಕಲ್ಲು ಎತ್ತತೊಡಗಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹೂಕುಂಡ ನೆಲಕ್ಕಿಳಿಯಿತು. ಡ್ರಮ್ಮು ವಾಲಿತು. ದಾಖಲೆ ಕೋಣೆಯ ಹಾಳೆಗಳು ಫ್ಯಾನಿನ ಗಾಳಿಗೆ ರೆಕ್ಕೆ ಬಿಚ್ಚಿ, ಕಟ್ಟಿಹಾಕಿದ್ದ ಅಷ್ಟೂ ವರ್ಷಗಳ ಸೇಡು ತೀರಿಸಿಕೊಂಡವು. ಟೈಪಮ್ಮ ಲಿಫ್ಟಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು, ಒಳಗೆ ಹೋದ ಕಲ್ಲುಗಳನ್ನು ಎಣಿಸಿದರು.

ಆಯ್ತಪ್ಪನವರ ಬೀರುವಿನ ಮೋಟುಕಾಲಿನ ಕೆಳಗೂ ಒಂದು ಕಲ್ಲಿತ್ತು. ಆಕೆ ಅದರ ಮುಂದೆ ಕೂತಾಗ ಆಯ್ತಪ್ಪ ಬಂದರು.

"ಬೇಡಮ್ಮಾ. ಸಾಹೇಬರು ಬೇಡ ಅಂದಿದಾರೆ."

"ಬಟ್ಟೆ ಅಂಗಡಿಯವರೂ ಬೇಡ ಅಂದಿದ್ರು ಸಾರ್. ಅವತ್ತು ನೀವು ಕೂರಲೂ ಇಲ್ಲ."

ಆಯ್ತಪ್ಪ ತಮ್ಮ ಸವೆದ ಚಪ್ಪಲಿಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಬಳಿಕ ಬೀರುವಿಗೆ ಹೆಗಲು ಕೊಟ್ಟು ಎತ್ತಿದರು. "ಹಿಡಿ ಹಿಡ್ಕೊಂಡು ಎಳಿ. ಬೆರಳು ಜೋಪಾನ." ಆಕೆ ಎಳೆದಳು. ಬೀರು ಒಂದು ಕಡೆಗೆ ವಾಲಿತು. ಆಯ್ತಪ್ಪ ಅಷ್ಟೂ ವರ್ಷಗಳಲ್ಲಿ ಮೊದಲ ಬಾರಿಗೆ ನೆಟ್ಟಗೆ ನಿಂತಂತೆ ಕಂಡರು.

ಕೊನೆಯ ಕಲ್ಲು ಸಾಹೇಬರದು. ಅದನ್ನು ಎತ್ತಿದ್ದೇ ತಡ, ವರ್ಷಗಟ್ಟಲೆ ಮುಚ್ಚದ ಬಾಗಿಲು ಧಡಾರೆಂದು ಮುಚ್ಚಿಕೊಂಡಿತು. ಸಾಹೇಬರು ಒಳಗಿದ್ದರು. ಚಿಲಕ ತಡಕಿ ಹೊರಗೆ ಬರುವಷ್ಟರಲ್ಲಿ ಲಿಫ್ಟು ತುಂಬಿ, ಜಾಲರಿ ಎಳೆದಾಗಿತ್ತು.

"ಏನು ನಡೀತಿದೆ ಇಲ್ಲಿ? ಯಾರು ಅಪ್ಪಣೆ ಕೊಟ್ಟದ್ದು? ಮಧ್ಯಾಹ್ನ ನಿರ್ದೇಶಕರು ಬರ್ತಾರೆ! ಆಯ್ತಪ್... ಅಲ್ಲ, ರೀ, ನೀವು ಹಿರಿಯರು, ನಿಲ್ಸಿ ಇದನ್ನ!"

ಎಲ್ಲರೂ ಆಯ್ತಪ್ಪನವರ ಬಾಯಿ ನೋಡಿದರು.

"ಆಗಲ್ಲ ಸಾರ್" ಎಂದರು ಆಯ್ತಪ್ಪ.

ಆ ಕಚೇರಿಯ ಗೋಡೆಗಳು ಆ ಎರಡು ಪದಗಳನ್ನು ಆ ಬಾಯಿಂದ ಕೇಳಿರಲಿಲ್ಲ. ಸಾಹೇಬರು ಇನ್ನೂ ಚೇತರಿಸಿಕೊಳ್ಳುತ್ತಿರುವಾಗ ತರಬೇತಿ ಮುಂದೆ ಬಂದಳು.

"ಸಾರ್, ನೀವೇ ಕಲಿಸಿದ್ದು. ಒಳಗೆ ನಮ್ಮ ತಾಯಿ ಇದಾರೆ ಅಂದ್ಕೊಂಡು ಸಹಿ ಹಾಕಬೇಕು ಅಂತ. ಬ್ರೇಕು ಹಿಡಿದ್ರೆ ನಾನೇ ಮೊದಲು ಹಾಕ್ತೀನಿ. ಹಿಡೀದಿದ್ರೆ ನನ್ನ ಹಾಳೇಲಿ ಏನು ಬೇಕಾದ್ರೂ ಬರೀರಿ. ಒಂದು ವರ್ಷ ಕೂತ್ಕೋತೀನಿ. ಸುಳ್ಳಿಗೆ ಮಾತ್ರ ಹಾಜರಿರಲ್ಲ."

ಲಿಫ್ಟಣ್ಣ ಎಲ್ಲ ಮಹಡಿಗೂ ಕೇಳುವಂತೆ "ಯಾರೂ ಹತ್ರ ಬರಬೇಡ್ರೀ!" ಎಂದು ಕೂಗುತ್ತಾ ಕೆಳಗೆ ಓಡಿ ಕಾವಲು ನಿಂತ. ಆಯ್ತಪ್ಪ ಮೆಷಿನ್ ರೂಮಿಗೆ ಹತ್ತಿದರು. ಲಿಫ್ಟನ್ನು ಬರೀ ಕಲ್ಲುಗಳೊಡನೆ ಇಳಿಸಿದರು. ಆಮೇಲೆ ಏರಿಸಿದರು. ಒಂದು, ಎರಡು, ಮೂರು. ಮೂರಕ್ಕೂ ನಾಲ್ಕಕ್ಕೂ ನಡುವೆ ನಿಲ್ಲಿಸಿದರು.

ನಿಂತಿತು. ಸಾಹೇಬರ ಮುಖದಲ್ಲಿ ಬೆಳಕು ಬಂತು. "ನೋಡಿದ್ರಾ?" ಎಂದು ಬಾಯಿ ತೆರೆದರು.

ಲಿಫ್ಟು ಸಾಹೇಬರ ಮಾತು ಮುಗಿಯಲೆಂದು ಕಾಯಲಿಲ್ಲ. ಮೊದಲು ಒಂದು ನಿಟ್ಟುಸಿರು ಬಿಟ್ಟಿತು. ಆಮೇಲೆ, ಯಾರಿಗೂ ತೊಂದರೆ ಕೊಡಬಾರದು ಎಂಬ ಸಂಕೋಚದಲ್ಲಿ ಸಭೆಯಿಂದ ಎದ್ದು ಹೋಗುವವರ ಹಾಗೆ, ಮೆಲ್ಲಗೆ ಕೆಳಗೆ ಸರಿಯತೊಡಗಿತು. ಮೂರು ದಾಟಿದ ಮೇಲೆ ಸಂಕೋಚ ಬಿಟ್ಟಿತು. ತಳದಲ್ಲಿ ಧೊಪ್ಪೆಂದು ಕೂತ ಸದ್ದಿಗೆ ಕಟ್ಟಡದ ಕಿಟಕಿಗಳೆಲ್ಲ ಹಲ್ಲು ಕಡಿದವು.

ಟೈಪಮ್ಮ ಸ್ಟೂಲಿನ ಮೇಲೆ ಹಾಗೇ ಕೂತಿದ್ದರು. ಉಸಿರು ಹಿಡಿದಿದ್ದರು. ಆಮೇಲೆ ಬಿಟ್ಟರು. ಬಹಳ ಉದ್ದದ ಉಸಿರು, ವರ್ಷಗಳದ್ದು. ಸಾಹೇಬರು ಆ ಉಸಿರನ್ನು ಕೇಳಿಸಿಕೊಂಡರು. ಪ್ರತಿದಿನ ಬೆಳಿಗ್ಗೆ ತಮ್ಮ ಜೊತೆಗೇ ಏರುತ್ತಿದ್ದವರು ಈಕೆ. ಮಾತು ಬಿಟ್ಟು ಗಾಜಿನ ಪತ್ರ ನೋಡುತ್ತಿದ್ದುದನ್ನು ಅವರು ತಮ್ಮ ಸಹಿಯ ಮೇಲಿನ ಗೌರವ ಎಂದುಕೊಂಡಿದ್ದರು.

ಸಾಹೇಬರು ಒಳಗೆ ಹೋಗಿ ಟೈಪಾದ ವರದಿಯನ್ನು ತಂದರು. 'ಸುಸ್ಥಿತಿಯಲ್ಲಿದೆ' ಎಂಬುದನ್ನು ಹೊಡೆದುಹಾಕಿ, 'ಬಳಕೆಗೆ ಯೋಗ್ಯವಲ್ಲ, ಕೂಡಲೇ ನಿಲ್ಲಿಸಿ ದುರಸ್ತಿ ಮಾಡತಕ್ಕದ್ದು' ಎಂದು ಕೈಯಲ್ಲೇ ಬರೆದರು. ಪೆನ್ನನ್ನು ತರಬೇತಿಗೆ ಚಾಚಿದರು.

"ಈ ಸಲ ಕೆಳಗಿನಿಂದ ಮೇಲಕ್ಕೆ" ಎಂದರು.

ಆಕೆ ಸಹಿ ಹಾಕಿದಳು. ಉಳಿದವರೂ ಹಾಕಿದರು. ಲಿಫ್ಟಣ್ಣ ಕೆಳಗೆ ಜಾಲರಿಗೆ ಬೀಗ ಜಡಿದು ಬೀಗದ ಕೈಯನ್ನು ಟೈಪಮ್ಮನಿಗೆ ಕೊಟ್ಟ. ನೆಲಮಹಡಿಯಲ್ಲಿ ಒಂದು ಮೇಜು ಖಾಲಿ ಮಾಡಿಸಿ, ದುರಸ್ತಿ ಮುಗಿಯುವವರೆಗೆ ಟೈಪಮ್ಮನ ಮೆಷಿನು ಅಲ್ಲೇ ಇರಲಿ ಎಂದು ಸಾಹೇಬರು ಹೇಳಿದರು. ಅಷ್ಟು ಸುಲಭವಾಗಿದ್ದ ಕೆಲಸ ಇಷ್ಟು ವರ್ಷ ಯಾರಿಗೂ ತೋಚಿರಲಿಲ್ಲ. ಲಿಫ್ಟು ಸುಸ್ಥಿತಿಯಲ್ಲಿತ್ತಲ್ಲ!

ಮಧ್ಯಾಹ್ನ ನಿರ್ದೇಶಕರು ಬಂದರು. ಅಂದರೆ ಕಂತುಕಂತಾಗಿ ಬಂದರು. ಎರಡನೆಯ ಮಹಡಿಯಲ್ಲಿ ಟೈ ಸಡಿಲಿಸಿದರು, ಮೂರನೆಯದರಲ್ಲಿ ಕೋಟು ಕಳಚಿದರು, ನಾಲ್ಕನೆಯದನ್ನು ತಲುಪಿದಾಗ ಸ್ಥಾನಮಾನವೆಲ್ಲ ಇಳಿದು ಬರೀ ಮನುಷ್ಯರಾಗಿದ್ದರು. ನೀರು ಕುಡಿದು, ಕೂತು, ಲಿಫ್ಟಿನ ಬೀಗದ ವಿಷಯ ಕೇಳಿದರು. ಸಾಹೇಬರು ನಡೆದದ್ದನ್ನೆಲ್ಲ ಇದ್ದ ಹಾಗೇ ಹೇಳಿದರು, ತಮ್ಮ ತಪ್ಪನ್ನೂ ಬಿಡದೆ. ಕೊನೆಗೆ ತರಬೇತಿಯ ಹಾಳೆಯನ್ನು ಮುಂದಿಟ್ಟರು. 'ತಂಡದೊಂದಿಗೆ ಹೊಂದಾಣಿಕೆ' ಎಂಬಲ್ಲಿ ಸಾಹೇಬರ ಅಕ್ಷರದಲ್ಲಿ ಹೀಗಿತ್ತು: 'ಹೊಂದಿಕೊಳ್ಳುವುದಿಲ್ಲ. ಇಂಥವರು ತಂಡಕ್ಕೆ ಬೇಕು.'

ನಿರ್ದೇಶಕರು ಎರಡು ಸಲ ಓದಿದರು. ಮೇಲುಸಹಿಗೆ ಪೆನ್ನು ತೆಗೆದರು. ಹಾಕಲಿಲ್ಲ. ಕನ್ನಡಕದ ಮೇಲಿಂದ ಹುಡುಗಿಯನ್ನು ನೋಡಿದರು. ಆಯ್ತಪ್ಪ, ಟೈಪಮ್ಮ, ಲಿಫ್ಟಣ್ಣ ಎಲ್ಲ ಬಾಗಿಲಲ್ಲಿ ಗುಂಪುಗೂಡಿದ್ದರು. ಟೈಪಮ್ಮ ಇದಕ್ಕಾಗಿಯೇ, ಕಡೆಯ ಬಾರಿ ಎಂದುಕೊಂಡು, ಮೆಟ್ಟಿಲು ಹತ್ತಿ ಬಂದಿದ್ದರು.

"ಇಷ್ಟು ಜನ ಹಿರಿಯರು ಸಹಿ ಹಾಕಿದಾರೆ. ಒಂದು ವರ್ಷ ಹೋಗುತ್ತೆ ಅಂತ ಗೊತ್ತಿದೆ. ಆದ್ರೂ ನೀನೊಬ್ಳೇ ಹಟ ಹಿಡಿದೆ, ದುರಸ್ತಿ ಆಗ್ಲೇಬೇಕು ಅಂತ" ಎಂದರು ನಿರ್ದೇಶಕರು. "ಕೇಳಬೇಕು ಅನಿಸ್ತಿದೆ. ಯಾಕಮ್ಮಾ? ನಿಯಮದ ಮೇಲಿನ ನಿಷ್ಠೆನಾ? ಜನರ ಸುರಕ್ಷತೆನಾ? ಇಲಾಖೆಯ ಗೌರವನಾ? ಸಂಕೋಚ ಬೇಡ, ಹೇಳು."

ಸಾಹೇಬರು ಎದೆ ಮುಂದೆ ಮಾಡಿ ನಿಂತರು. ಆಯ್ತಪ್ಪ ಕರವಸ್ತ್ರ ತೆಗೆದು ಸಿದ್ಧವಾಗಿಟ್ಟುಕೊಂಡರು.

"ಗುಂಡಿಯಲ್ಲಿ ನಮ್ಮಕ್ಕನ ಚಪ್ಪಲಿ ಇದೆ ಸಾರ್" ಎಂದಳು ತರಬೇತಿ. "ಎಡಗಾಲಿಂದು."